ಬಾಲಗೋಲಿಯ ನಿದ್ದೆ

ಎರಡು ವರ್ಷದ ಮಗುವಿರುವ ಮನೆಗೆ ಹೋದವರು ಕೇಳುವ ಮೊದಲ ಪ್ರಶ್ನೆ ಊಟದ್ದು, ಎರಡನೆಯದು ನಿದ್ದೆಯದು. ‘ರಾತ್ರಿ ಚೆನ್ನಾಗಿ ಮಲಗ್ತಾಳಾ?’ ಇಲ್ಲ ಎಂದರೆ ಸಲಹೆಗಳು ಶುರುವಾಗುತ್ತವೆ. ದೃಷ್ಟಿ ತೆಗೆಯಿರಿ, ಹಲ್ಲು ಬರುತ್ತಿರಬೇಕು, ಹೊಟ್ಟೆಯಲ್ಲಿ ವಾಯು ಸೇರಿರಬೇಕು, ಮಧ್ಯಾಹ್ನ ಮಲಗಿಸಬೇಡಿ, ಬೇರೆ ಕೋಣೆಯಲ್ಲಿ ಮಲಗಿಸಿ ಅಭ್ಯಾಸ ಮಾಡಿಸಿ. ಮಗು ರಾತ್ರಿಯಿಡೀ ಅಲುಗಾಡದೆ ಮಲಗಬೇಕು ಎಂಬುದರ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ. ಆದರೆ ಹೀಗೆ ಮಲಗಬೇಕಾದ ಅಗತ್ಯ ಯಾರದು, ಅದು ಯಾವಾಗ ಹುಟ್ಟಿತು?

ಹಳೆಯ ಮುಂಬೈ ಪ್ರಾಂತ್ಯದ ಗಿರಣಿ ಕಾರ್ಮಿಕರ ಬದುಕು ನನ್ನ ಪಿಎಚ್.ಡಿ. ವಿಷಯ. ಕೂಲಿ, ಕೆಲಸದ ಅವಧಿ, ಬಾಡಿಗೆ ಇವುಗಳ ಲೆಕ್ಕ ಹುಡುಕುತ್ತ ವರದಿಗಳನ್ನು ಓದುವಾಗ ಅಫೀಮಿನ ಪ್ರಸ್ತಾಪ ಸಿಕ್ಕಿದ್ದು ನಾನು ನಿರೀಕ್ಷಿಸಿದ ಜಾಗದಲ್ಲಲ್ಲ. ಅದು ಸೇದುವವರ ಅಡ್ಡೆಯಲ್ಲಿರಲಿಲ್ಲ, ತೊಟ್ಟಿಲಲ್ಲಿತ್ತು. ಅದಕ್ಕೊಂದು ಮುದ್ದಾದ ಹೆಸರೂ ಇತ್ತು: ಬಾಲಗೋಲಿ. ಮಕ್ಕಳಿಗೆಂದೇ ಮಾಡಿದ, ಅಫೀಮು ಬೆರೆಸಿದ ಸಣ್ಣ ಗುಳಿಗೆ.

ಆ ತಾಯಿಯ ದಿನವನ್ನು ಲೆಕ್ಕ ಹಾಕಿ ನೋಡೋಣ. 1922ರ ಕಾರ್ಖಾನೆ ಕಾಯ್ದೆ ದಿನಕ್ಕೆ 11 ಗಂಟೆ, ವಾರಕ್ಕೆ 60 ಗಂಟೆಯ ಕೆಲಸವನ್ನು ಗರಿಷ್ಠ ಮಿತಿಯೆಂದು ಗೊತ್ತುಮಾಡಿತು. ಅದೇ ದೊಡ್ಡ ಸುಧಾರಣೆ. ಗಿರಣಿಗೆ ನಡೆದು ಹೋಗಿಬರುವ ಹೊತ್ತು, ನೀರು ಹಿಡಿಯುವುದು, ಅಡುಗೆ ಇವೆಲ್ಲ ಆ ಲೆಕ್ಕದ ಹೊರಗೆ. ಮನೆಯೆಂದರೆ ಚಾಳಿನ ಒಂದೇ ಕೋಣೆ. ಅದರಲ್ಲೇ ಗಂಡ, ಮಕ್ಕಳು, ಕೆಲವೊಮ್ಮೆ ಊರಿಂದ ಬಂದ ನೆಂಟರು. ರಾತ್ರಿ ಮಗು ಅತ್ತರೆ ಮುಂಜಾನೆ ಏಳಬೇಕಾದ ಅಷ್ಟೂ ಜನಕ್ಕೆ ಎಚ್ಚರ. ಹಗಲು ಮಗುವನ್ನು ನೋಡಿಕೊಳ್ಳಲು ಇದ್ದರೆ ಒಬ್ಬ ಮುದುಕಿ, ಇಲ್ಲವೇ ಏಳೆಂಟು ವರ್ಷದ ಅಕ್ಕ. ಇಂಥ ಕಡೆ ಒಂದು ಗುಳಿಗೆ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅಫೀಮು ನಿದ್ದೆಯನ್ನಷ್ಟೇ ತರುವುದಿಲ್ಲ. ಹಸಿವನ್ನು ಅಡಗಿಸುತ್ತದೆ, ಮಲ ಕಟ್ಟಿಸುತ್ತದೆ, ಉಸಿರಾಟವನ್ನು ನಿಧಾನಗೊಳಿಸುತ್ತದೆ. ಮಗು ಹಾಲಿಗಾಗಿ ಅಳುವುದು ನಿಂತಾಗ ಮನೆಯವರಿಗೆ ಅದು ಶಾಂತವಾಗಿದೆ ಎನ್ನಿಸುತ್ತದೆ. ವಾಸ್ತವದಲ್ಲಿ ಅದು ಸೊರಗುತ್ತಿರುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಏಳುವುದೇ ಇಲ್ಲ.

ಈ ಅಫೀಮು ಕಳ್ಳಮಾಲಾಗಿರಲಿಲ್ಲ ಎಂಬುದು ಕಥೆಯ ಇನ್ನೊಂದು ಮಗ್ಗುಲು. ಅದರ ತಯಾರಿಕೆ ಸರ್ಕಾರದ ಹಿಡಿತದಲ್ಲಿತ್ತು, ಗಾಜೀಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಯಿತ್ತು. ಮಾರುವ ಅಂಗಡಿಗಳಿಗೆ ಅಬಕಾರಿ ಇಲಾಖೆಯ ಪರವಾನಗಿ ಇತ್ತು. 1893ರಿಂದ 1895ರವರೆಗೆ ನಡೆದ ರಾಯಲ್ ಅಫೀಮು ಆಯೋಗದ ಮುಂದೆಯೇ ಮಕ್ಕಳಿಗೆ ಅಫೀಮು ಕೊಡುವ ಪದ್ಧತಿಯ ಬಗ್ಗೆ ಸಾಕ್ಷ್ಯಗಳು ಬಂದಿದ್ದವು. ಆಯೋಗ ಒಟ್ಟಾರೆಯಾಗಿ ಅಫೀಮು ವ್ಯವಹಾರ ಮುಂದುವರಿಯಬಹುದು ಎಂದಿತು. ಮೂರೂವರೆ ದಶಕದ ನಂತರ, 1931ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗ ಅದೇ ಪದ್ಧತಿಯ ಬಗ್ಗೆ ಕಳವಳಪಟ್ಟಿತು. ಸರ್ಕಾರ ಒಂದು ಕೈಯಲ್ಲಿ ಮಾರಿದ್ದಕ್ಕೆ ಇನ್ನೊಂದು ಕೈಯಲ್ಲಿ ವಿಷಾದ ಬರೆಯಿತು.

ಇಂಥ ವರದಿಗಳ ದನಿಯಲ್ಲಿ ಮತ್ತೆ ಮತ್ತೆ ಕಾಣುವುದು ತಾಯಂದಿರ ‘ಅಜ್ಞಾನ’ದ ಮಾತು. ಇದು ಭಾರತದ ಹೆಂಗಸರ ಅಜ್ಞಾನವೇ ಆಗಿದ್ದರೆ ಇಂಗ್ಲೆಂಡಿನ ಕಥೆ ಬೇರೆ ಇರಬೇಕಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಸಿಹಿ ಪಾಕ ಮನೆಮಾತಾಗಿತ್ತು. ಅದರಲ್ಲಿದ್ದದ್ದೂ ಅಫೀಮೇ. ಕಾರ್ಲ್ ಮಾರ್ಕ್ಸ್ 1867ರಲ್ಲಿ ‘ಬಂಡವಾಳ’ ಬರೆದಾಗ, ತಾಯಂದಿರು ಕಾರ್ಖಾನೆಗೆ ಹೋದ ಊರುಗಳಲ್ಲಿ ಶಿಶುಗಳಿಗೆ ಅಫೀಮು ಕೊಡುವುದನ್ನು ಅಲ್ಲಿನ ಆರೋಗ್ಯ ವರದಿಗಳ ಆಧಾರದ ಮೇಲೆಯೇ ದಾಖಲಿಸಿದ. ಮರುವರ್ಷ ಬಂದ ಔಷಧ ಕಾಯ್ದೆ ಅಫೀಮಿನ ಮಾರಾಟಕ್ಕೆ ಕಡಿವಾಣ ಹಾಕಿತಾದರೂ ಪೇಟೆಂಟ್ ಔಷಧಿಗಳನ್ನು ಹೊರಗಿಟ್ಟಿತು. ಅಮೆರಿಕದಲ್ಲಿ 1849ರಿಂದ ಮಾರಾಟವಾದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ನಲ್ಲಿ ಮಾರ್ಫಿನ್ ಇತ್ತು. ಇಂಥ ಔಷಧಿಯಲ್ಲಿ ಏನಿದೆಯೆಂದು ಬಾಟಲಿಯ ಮೇಲೆ ಬರೆಯಲೇಬೇಕು ಎಂಬ ಕಾನೂನು ಅಲ್ಲಿ ಬಂದದ್ದು 1906ರಲ್ಲಿ. ನಮ್ಮ ಮನೆಗಳಿಗೂ ಬಂದ ಗ್ರೈಪ್ ವಾಟರ್ ಹುಟ್ಟಿದ್ದು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಅದರಲ್ಲಿ ಅಫೀಮು ಇರಲಿಲ್ಲ, ಆದರೆ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಮದ್ಯಸಾರವಿತ್ತು. ಅದನ್ನು ತೆಗೆದದ್ದು ಎಷ್ಟೋ ಕಾಲದ ಮೇಲೆ.

ಮ್ಯಾಂಚೆಸ್ಟರಿನ ತಾಯಿಗೂ ಮುಂಬೈಯ ತಾಯಿಗೂ ಭಾಷೆ, ಧರ್ಮ, ಅಡುಗೆ ಯಾವುದೂ ಒಂದಲ್ಲ. ಒಂದಾಗಿದ್ದದ್ದು ಗಿರಣಿಯ ಸೀಟಿ.

ಬಾಟಲಿಗಳ ಕಾಲ ಮುಗಿಯುತ್ತ ಬಂದಂತೆ ಪುಸ್ತಕಗಳ ಕಾಲ ಶುರುವಾಯಿತು. ನ್ಯೂಯಾರ್ಕಿನ ಮಕ್ಕಳ ವೈದ್ಯ ಎಮೆಟ್ ಹೋಲ್ಟ್ 1894ರಲ್ಲಿ ಪ್ರಶ್ನೋತ್ತರ ರೂಪದಲ್ಲಿ ಒಂದು ಕೈಪಿಡಿ ಬರೆದ. ಅಭ್ಯಾಸಬಲದಿಂದ ಅಳುವ ಮಗುವನ್ನು ಅತ್ತು ಸುಮ್ಮನಾಗಲು ಬಿಡಬೇಕೆಂಬುದು ಅವನ ನಿಲುವು. ನ್ಯೂಜಿಲೆಂಡಿನಲ್ಲಿ ಟ್ರೂಬಿ ಕಿಂಗ್ ಗಡಿಯಾರ ನೋಡಿ ಹಾಲು ಕೊಡಬೇಕು, ರಾತ್ರಿ ಕೊಡಬಾರದು ಎಂದ. ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲಿ ಮಕ್ಕಳನ್ನು ಮುದ್ದಿಸುವುದೇ ಬೇಡ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎನ್ನುವಷ್ಟು ದೂರ ಹೋದ. 1946ರಲ್ಲಿ ಬೆಂಜಮಿನ್ ಸ್ಪಾಕ್ ತಾಯಂದಿರು ತಮ್ಮ ವಿವೇಕವನ್ನು ನಂಬಬೇಕೆಂದು ಬರೆದಾಗ ಸ್ವಲ್ಪ ಗಾಳಿ ಬೀಸಿತು. 1985ರಲ್ಲಿ ರಿಚರ್ಡ್ ಫರ್ಬರ್, ಮಗುವನ್ನು ಮಲಗಿಸಿ ಹೊರಬಂದು, ಅತ್ತರೆ ಸಮಾಧಾನಕ್ಕೆ ಹೋಗುವ ಅಂತರವನ್ನು ಹಂತಹಂತವಾಗಿ ಹೆಚ್ಚಿಸುವ ಕ್ರಮವನ್ನು ಹೇಳಿದ. ಇಂದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ‘ಸ್ಲೀಪ್ ಟ್ರೈನಿಂಗ್’ ಎಂದು ಕೇಳಿಬರುವುದರ ಬಹುಪಾಲು ಬೇರು ಇಲ್ಲಿದೆ. ಆ ಸಲಹೆಯ ಹಿಂದೆ ಒಂದು ಮನೆಯ ನಕ್ಷೆಯೂ ಇದೆ: ಮಗುವಿಗೆ ಬೇರೆ ಕೋಣೆ, ಅಕ್ಕಪಕ್ಕದವರಿಗೆ ಕೇಳಿಸದಷ್ಟು ದಪ್ಪದ ಗೋಡೆ. ಗ್ವಾಟೆಮಾಲಾದ ಮಾಯಾ ತಾಯಂದಿರನ್ನೂ ಅಮೆರಿಕದ ತಾಯಂದಿರನ್ನೂ ಹೋಲಿಸಿ 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದಲ್ಲಿ ಶಿಶುಗಳನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಾರೆ ಎಂದು ಕೇಳಿ ಮಾಯಾ ತಾಯಂದಿರು ಬೆಚ್ಚಿಬಿದ್ದರು.

ನಮ್ಮ ಅಜ್ಜಿಯಂದಿರೂ ಬೆಚ್ಚುತ್ತಿದ್ದರು. ನಮ್ಮಲ್ಲಿ ಮಗು ಮಲಗಿದ್ದು ತಾಯಿಯ ಮಗ್ಗುಲಲ್ಲಿ ಅಥವಾ ಹಳೇ ಸೀರೆಯ ಜೋಲಿಯಲ್ಲಿ. ಹೊಲದ ಕೆಲಸವಿದ್ದರೆ ಜೋಲಿ ಬೇವಿನ ಮರಕ್ಕೆ ಹೋಗುತ್ತಿತ್ತು. ಜೋಗುಳ ಹಾಡುತ್ತಿದ್ದವರು ಹಾಡುತ್ತಲೇ ಬೇರೆ ಕೆಲಸವನ್ನೂ ಮಾಡುತ್ತಿದ್ದರು. ಧಾರವಾಡ ಜಿಲ್ಲೆಯವಳಾದ ನನ್ನ ಅಜ್ಜಿಯನ್ನು ಬಾಲಗೋಲಿಯ ಬಗ್ಗೆ ಕೇಳಿದೆ. ಆಕೆಗೆ ಆ ಹೆಸರು ಗೊತ್ತಿರಲಿಲ್ಲ. ಬಜೆ, ಅಳಲೆಕಾಯಿ, ಜಾಯಿಕಾಯಿಗಳನ್ನು ಸಾಣೆಕಲ್ಲಿನ ಮೇಲೆ ಒಂದೊಂದು ಸುತ್ತು ತೇದು ಹಾಲಿನಲ್ಲಿ ಕುಡಿಸುತ್ತಿದ್ದುದು ಗೊತ್ತಿತ್ತು. ‘ಆದ್ರೂ ಮಲಗಲಿಲ್ಲಂದ್ರ?’ ಎಂದೆ. ‘ಮಲಗಲಿಲ್ಲಂದ್ರ ಮನ್ಯಾಗ ಯಾರರೆ ಒಬ್ಬರು ಎದ್ದಿರ್ತಿದ್ರು, ಅಷ್ಟ’ ಎಂದಳು. ‘ಯಾರು?’ ಎಂದರೆ, ‘ಮತ್ತ್ಯಾರು, ನಾವ ಹೆಣ್ಮಕ್ಕಳು!’

ಹಾಗಾಗಿ ಹಿಂದೆ ಎಲ್ಲವೂ ಚೆನ್ನಾಗಿತ್ತು ಎನ್ನಲು ನನಗೆ ಮನಸ್ಸಿಲ್ಲ. ಜಾಯಿಕಾಯಿಯೂ ಹೆಚ್ಚಾದರೆ ವಿಷವೇ. ತುಂಬಿದ ಮನೆಯಲ್ಲಿ ಎಚ್ಚರವಿರುವ ಪಾಳಿ ಹೆಂಗಸರ ನಡುವೆ ಹಂಚಿಹೋಗುತ್ತಿತ್ತು, ಗಂಡಸರಿಗೆ ಬರುತ್ತಿರಲಿಲ್ಲ. ಗಿರಣಿಯ ಚಾಳಿನಲ್ಲಿ ಆ ಹಂಚಿಕೆಯೂ ಇಲ್ಲವಾಯಿತು. ಉಳಿದದ್ದು ಒಬ್ಬ ತಾಯಿ, ಒಂದು ಮಗು, ಬೆಳಗಿನ ಸೀಟಿ.

ಬಾಲಗೋಲಿಗೆ ಪರಿಹಾರ ಬಂದದ್ದು ಉಪದೇಶದಿಂದಲ್ಲ. ಅಂಥ ಗುಳಿಗೆಯ ಅಗತ್ಯವನ್ನೇ ಕಡಿಮೆ ಮಾಡುವ ನಿಯಮಗಳು ಒಂದೊಂದಾಗಿ ಬಂದವು. 1929ರಲ್ಲಿ ಮುಂಬೈ ಪ್ರಾಂತ್ಯ ಹೆರಿಗೆ ಭತ್ಯೆಯ ಕಾನೂನು ಮಾಡಿತು. ಬೆಳಗಾವಿ, ಧಾರವಾಡ, ಬಿಜಾಪುರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು, 1887ರಲ್ಲಿ ಆರಂಭವಾದ ಗೋಕಾಕದ ಗಿರಣಿಯೂ ಅಲ್ಲೇ ಇತ್ತು. 1930ರ ಅಪಾಯಕಾರಿ ಮಾದಕವಸ್ತುಗಳ ಕಾಯ್ದೆ ಅಫೀಮಿನ ಮೇಲಿನ ಹಿಡಿತವನ್ನು ಬಿಗಿಗೊಳಿಸಿತು. 1934ರ ಕಾರ್ಖಾನೆ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಮಕ್ಕಳಿಗೊಂದು ಕೋಣೆ ಇರಬೇಕೆಂದು ಹೇಳುವ ಅಧಿಕಾರವನ್ನು ಪ್ರಾಂತ್ಯಗಳಿಗೆ ಕೊಟ್ಟಿತು. 1948ರಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು, 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕದಲ್ಲಿ ಶುರುವಾದ ‘ಕೂಸಿನ ಮನೆ’ ಇದೇ ಸಾಲಿನ ಇತ್ತೀಚಿನ ಮನೆ.

ಕಾನೂನಿನಲ್ಲಿದ್ದದ್ದೆಲ್ಲ ನೆಲದ ಮೇಲಿದೆ ಎಂದಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬೆಳಗಿನ ಬಸ್ಸು ಹಿಡಿಯುವ ಹೆಂಗಸರನ್ನು ನೋಡಿದರೆ ಮುಂಬೈಯ ಸೀಟಿ ನೆನಪಾಗುತ್ತದೆ. ಮಗು ಬೇಗ ಮಲಗಲೆಂದು ಇಂದು ಕೆಲವರು ಕೊಡುವುದು ಅಫೀಮಲ್ಲ, ನೆಗಡಿ-ಕೆಮ್ಮಿನ ಸಿರಪ್. ಅವುಗಳಲ್ಲಿ ಕೆಲವಕ್ಕಿರುವ ಮಂಪರು ತರಿಸುವ ಗುಣ ಪುಟ್ಟ ಮಕ್ಕಳ ಉಸಿರಾಟಕ್ಕೆ ಅಪಾಯ. ಪ್ರೊಮೆಥಜಿನ್ ಎಂಬ ಔಷಧಿಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದೆಂಬ ಎಚ್ಚರಿಕೆ ಇರುವುದು ಈ ಕಾರಣಕ್ಕೇ.

ಇಂದಿನ ವೈದ್ಯರು ಹೇಳುವುದು ಸರಳವಾಗಿದೆ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ರಾತ್ರಿ ನಡುನಡುವೆ ಚೂರು ಎಚ್ಚರವಾಗುವುದು ಸಹಜ, ಅದು ರೋಗವಲ್ಲ. ದಿನವೂ ಒಂದೇ ಹೊತ್ತಿಗೆ ದೀಪ ಸಣ್ಣದು ಮಾಡಿ, ಫೋನು ಬದಿಗಿಟ್ಟು, ಒಂದೇ ಕ್ರಮದಲ್ಲಿ ಮೈತೊಳೆದು, ಕಥೆಯೋ ಹಾಡೋ ಹೇಳಿ ಮಲಗಿಸಿದರೆ ಬಹಳಷ್ಟು ಮಕ್ಕಳಿಗೆ ಅದು ಹಿಡಿಸುತ್ತದೆ. ಗೊರಕೆ, ಉಸಿರು ಕಟ್ಟುವುದು, ತೂಕ ಏರದಿರುವುದು ಕಂಡರೆ ವೈದ್ಯರಿಗೆ ತೋರಿಸಬೇಕು. ಇದರಲ್ಲಿ ಅಜ್ಜಿಗೆ ಗೊತ್ತಿಲ್ಲದ್ದು ಹೆಚ್ಚೇನೂ ಇಲ್ಲ. ಆದರೆ ಈ ಕ್ರಮಕ್ಕೆ ಪ್ರತಿ ಸಂಜೆ ಒಂದು ಗಂಟೆ ಬೇಕು, ಆ ಹೊತ್ತಿಗೆ ದಣಿಯದ ಒಬ್ಬರು ಮನೆಯಲ್ಲಿರಬೇಕು. ಅವರು ತಾಯಿಯೇ ಆಗಿರಬೇಕಿಲ್ಲ. ಹಳೆಯ ವರದಿಗಳು ತಾಯಂದಿರಿಗೆ ತಿಳಿವಳಿಕೆ ಹೇಳಲು ಪುಟಗಟ್ಟಲೆ ಖರ್ಚು ಮಾಡಿದವು. ಈ ಒಂದು ಗಂಟೆ ಅವರಿಗೆ ಎಲ್ಲಿಂದ ಸಿಗಬೇಕು ಎಂಬ ಲೆಕ್ಕವನ್ನು ಬರೆಯಲಿಲ್ಲ. ಆ ಲೆಕ್ಕ ಇನ್ನೂ ಬಾಕಿಯಿದೆ.