ಸಮುದ್ರವಿಲ್ಲದ ಊರಿನ ಕೋಟೆ

ಕೋಟೆ ನೋಡೋಕೆ ಹೋಗೋಣ ಅಂದ್ರೆ ನಮ್ಮ ತಲೆಗೆ ಮೊದಲು ಬರೋದು ಬೆಟ್ಟ, ಇಲ್ಲಾ ಕಡಲು. ಚಿತ್ರದುರ್ಗಕ್ಕೆ ಬಂಡೆಗಳ ಕಾವಲಿದೆ. ಬೇಕಲದ ಬುಡಕ್ಕೆ ಅರಬ್ಬಿ ಸಮುದ್ರವೇ ಬಂದು ಬಡಿಯುತ್ತೆ. ಮಂಗಳೂರಿನ ಸುಲ್ತಾನ್ ಬತ್ತೇರಿಯನ್ನು ಟಿಪ್ಪು 1784ರಲ್ಲಿ ಕಟ್ಟಿಸಿದ್ದೇ ಗುರುಪುರ ನದಿಯೊಳಗೆ ಯುದ್ಧದ ಹಡಗು ನುಗ್ಗಬಾರದು ಅಂತ.

ಕಲಬುರಗಿಗೆ ಇದ್ಯಾವುದೂ ಇಲ್ಲ. ಬೆಟ್ಟ ಇಲ್ಲ, ಕಡಲಂತೂ ಇಲ್ಲವೇ ಇಲ್ಲ, ಭೀಮಾ ನದಿಯೂ ದೂರ. ಸುತ್ತ ತೊಗರಿ ಬೆಳೆಯುವ ಎರೆಭೂಮಿ, ಅಂಗೈಯಷ್ಟು ಸಪಾಟು. ಯಾವ ದಿಕ್ಕಿನಿಂದ ಬೇಕಾದ್ರೂ ಕುದುರೆ ಓಡಿಸಿಕೊಂಡು ಬರಬಹುದು. ಇಂಥ ಜಾಗವನ್ನು 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ ತನ್ನ ರಾಜಧಾನಿ ಮಾಡಿಕೊಂಡ. ನಿಸರ್ಗ ಕೊಡದೇ ಇದ್ದದ್ದನ್ನು ಜನ ಕೈಯಾರೆ ಮಾಡಿಕೊಳ್ಳಬೇಕಾಯ್ತು: ಎರಡು ಸುತ್ತಿನ ಕಲ್ಲಿನ ಗೋಡೆ, ಅದರಾಚೆ ಅಗಲವಾದ ಕಂದಕ. ಈಗ ಕಸ, ಜಾಲಿ, ಹಸಿರು ಪಾಚಿ ತುಂಬಿರುವ ಆ ಕಂದಕವೇ ಬಯಲುಸೀಮೆಯವರು ಅಗೆದುಕೊಂಡ ಸಮುದ್ರ.

ಕೋಟೆಗೂ ಅದು ನಿಂತ ನೆಲಕ್ಕೂ ಇರುವ ನಂಟು ತಿಳೀಬೇಕು ಅಂದ್ರೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ ಹೋಗಿ ಬರ್ರಿ. ಮುಕ್ಕಾಲು ಗಂಟೆ ದಾರಿ. ಅಲ್ಲಿಗೆ ಹೋಗುವಷ್ಟರಲ್ಲಿ ಸಪಾಟು ಬಯಲು ಮಡಿಕೆ ಬೀಳುತ್ತೆ, ಮಣ್ಣು ಕೆಂಪಾಗುತ್ತೆ. ಜಿಐ ಟ್ಯಾಗ್ ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯೋದು ಈ ಕಣಿವೆಯಲ್ಲೇ. ಹುಮನಾಬಾದ್ ದಾಟಿ ಅದೇ ದಿಕ್ಕಿನಲ್ಲಿ ಮುಂದೆ ಹೋದರೆ ಬೀದರ್. 1420ರ ದಶಕದಲ್ಲಿ ಅಹಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಎತ್ತಿಕೊಂಡು ಹೋಗಿದ್ದು ಅಲ್ಲಿಗೆ. ಬೀದರ್ ಎತ್ತರದ ಜಂಬಿಟ್ಟಿಗೆ ನೆಲದ ಅಂಚಿನಲ್ಲಿದೆ. ಒಂದಷ್ಟು ಕಾವಲು ನೆಲವೇ ಕಾಯುತ್ತೆ. ಇಳಿಜಾರಿಲ್ಲದ ಕಡೆ ಬಂಡೆಯನ್ನೇ ಕಡಿದು ಮೂರು ಸಾಲು ಕಂದಕ ಮಾಡಿದ್ದಾರೆ. ರಾಜಧಾನಿ ಬದಲಾಗೋಕೆ ಅರಮನೆ ಜಗಳ, ನೀರು, ಹವೆ ಅಂತ ಹತ್ತು ಕಾರಣ ಹೇಳ್ತಾರೆ. ಕಮಲಾಪುರದ ತಿರುವಿನಲ್ಲಿ ನಿಂತು ಎರಡೂ ಕಡೆ ನೋಡಿದರೆ ನೆಲವೂ ಒಂದು ಕಾರಣ ಇರಬೇಕು ಅನ್ನಿಸುತ್ತೆ.

ಹಾಗಂತ ಕಲಬುರಗಿ ಕೋಟೆಯ ಕತೆ ಅಲ್ಲಿಗೇ ಮುಗೀಲಿಲ್ಲ. ಅದರ ಎರಡನೇ ಅಧ್ಯಾಯ ಶುರುವಾಗಿದ್ದು ನೂರಾರು ಮೈಲಿ ದೂರದ ಕಡಲ ತೀರದಲ್ಲಿ. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡರು. ಹತ್ತೇ ವರ್ಷದಲ್ಲಿ ಅವರ ಬಂದೂಕು ಬಯಲುಸೀಮೆ ತಲುಪಿತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಸೈನಿಕರು ಗೋಡೆ ಬುಡಕ್ಕೆ ಹೋಗಿ ಹಾರೆ, ಗುದ್ದಲಿಯಲ್ಲಿ ಕಲ್ಲು ಕೀಳುತ್ತಿದ್ದರು. ಕಿತ್ತ ಕಲ್ಲಿನ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರು ಅಂತ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಮೇಲಿನಿಂದ ಕಲ್ಲು ಎಸೆದು ಅವರನ್ನು ತಡೆಯುತ್ತಿದ್ದ ಕಾವಲಿನವರನ್ನು ಕ್ರಿಸ್ತೊವಾವ್ ದ ಫಿಗೆರೆದು ಎಂಬ ಪೋರ್ಚುಗೀಸನ ಬಂದೂಕಿನವರು ಒಬ್ಬೊಬ್ಬರನ್ನಾಗಿ ಹೊಡೆದು ಉರುಳಿಸಿದರು. ಕೋಟೆ ಬಿತ್ತು.

ಗೋಡೆ ಮೇಲೆ ಆದಿಲ್‌ಶಾಹಿಗಳ ತೋಪುಗಳೂ ಇದ್ದವು. ಆದರೆ ಒಂದೇ ಕಡೆ ಕೂತ ತೋಪನ್ನು ಅತ್ತಿತ್ತ ತಿರುಗಿಸೋಕೆ ಆಗಲ್ಲ, ಕೆಳಕ್ಕೆ ಬಾಗಿಸೋಕೂ ಆಗಲ್ಲ. ದಖನ್ನಿನ ಕೋಟೆಗಳ ಮೇಲೆ ಕೆಲಸ ಮಾಡಿದ ರಿಚರ್ಡ್ ಈಟನ್, ಫಿಲಿಪ್ ವ್ಯಾಗನರ್ ಅವರಂಥ ಇತಿಹಾಸಕಾರರು ಹೇಳೋದು ಇದನ್ನೇ: ಸೋತವರು ಪಾಠ ಕಲಿತರು. ಆಮೇಲಿನ ದಶಕಗಳಲ್ಲಿ ಬಿಜಾಪುರದವರು ಬುರುಜುಗಳನ್ನು ಎತ್ತರಿಸಿದರು, ತೋಪನ್ನು ತಿರುಗುವ ಕೀಲಿನ ಮೇಲೆ ಕೂರಿಸಿದರು, ತೋಪಿನ ಉದ್ದ ಹೆಚ್ಚಿಸಿದರು. ವಿಜಯಪುರದ ಉಪ್ಪಲಿ ಬುರುಜು 1584ರದ್ದು. ಗೋಡೆಗೆ ಅಂಟದೆ, ಊರೊಳಗೆ ಒಂಟಿಯಾಗಿ ನಿಂತಿದೆ.

ಈಗ ಕಲಬುರಗಿಗೆ ವಾಪಸ್ ಬಂದು ಅದೇ ಕಣ್ಣಲ್ಲಿ ನೋಡಿ. ಕೋಟೆ ನಡುವೆ ಎದ್ದು ನಿಂತ ಬಾಲಾ ಹಿಸ್ಸಾರ್ ತುದಿಗೂ ತೋಪು ಏರಿಸಿದ್ದಾರೆ. ಹುಡೇ ಮೇಲೆ 'ಬಾರಾ ಗಜಿ ತೋಪು' ಮಲಗಿದೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾಯಿಸಿದ ಬಳೆಗಳನ್ನು ತೊಡಿಸಿ ಬಡಿದು ಮಾಡುವ ಜಾತಿಯ ತೋಪು ಇದು. ಬಂಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರರ ಕೆಲಸವೇ, ಅಳತೆ ಮಾತ್ರ ದೊಡ್ಡದು.

ಇದರ ಹೆಸರಲ್ಲೇ ಒಂದು ಲೆಕ್ಕ ಅಡಗಿದೆ. ಬಾರಾ ಗಜ ಅಂದ್ರೆ 12 ಗಜ. ಇವತ್ತಿನ ಮೂರಡಿ ಗಜದಲ್ಲಿ ಅದು 36 ಅಡಿ ಆಗಬೇಕು. ತೋಪಿನ ಉದ್ದ ಇರೋದು ಸುಮಾರು 29 ಅಡಿ. ಹಂಗಾದ್ರೆ ಹೆಸರು ಸುಳ್ಳಾ? ಭಾಗಿಸಿ ನೋಡಿ: ಗಜಕ್ಕೆ 29 ಇಂಚು. ಬ್ರಿಟಿಷರ ಗಜ ಬರೋಕೆ ಮುಂಚೆ ನಮ್ಮ ಕಡೆ ಗಜದ ಅಳತೆ ಸೀಮೆಯಿಂದ ಸೀಮೆಗೆ ಬೇರೆ ಇರುತ್ತಿತ್ತು. ಕಳೆದುಹೋದ ಒಂದು ಅಳತೆಗೋಲನ್ನು ಜನರ ಬಾಯಲ್ಲಿ ಉಳಿದ ಹೆಸರು ಕಾಪಾಡಿಕೊಂಡು ಬಂದಿರಬಹುದು.

ಆದರೆ ನಮಗೆ ಬೇಕಾಗಿರೋದು ದಾಖಲೆ. 'ಜಗತ್ತಿನ ಅತಿ ಉದ್ದದ ತೋಪು' ಅಂತ ಸ್ಟೇಟಸ್ ಹಾಕ್ತೀವಿ. ಉಪ್ಪಲಿ ಬುರುಜಿನ ಲಂಬಾ ಛರಿ 30 ಅಡಿ ದಾಟುತ್ತೆ, ಪಕ್ಕದ ಜಿಲ್ಲೆಯಲ್ಲೇ ದಾಖಲೆ ಬಿದ್ದುಹೋಗುತ್ತೆ. ಮೊದಲನೇ ಸ್ಥಾನಕ್ಕೆ ಹಟ ಹಿಡಿದಷ್ಟೂ ನಿಜವಾದ ಕತೆ ಹಿಂದೆ ಸರಿಯುತ್ತೆ. ಸೋಲಿನಿಂದ ಕಲಿತು, ಕಬ್ಬಿಣ ಬಡಿದು, ಹಳೇ ಕೋಟೆಯನ್ನು ಹೊಸ ಯುದ್ಧಕ್ಕೆ ತಯಾರು ಮಾಡಿದವರ ಕತೆ ಅದು.

ಕೋಟೆಯೊಳಗೆ ತಲೆಮಾರುಗಳಿಂದ ವಾಸವಿರುವ ಕುಟುಂಬಗಳಿವೆ. ಕೇಂದ್ರ ಪುರಾತತ್ವ ಇಲಾಖೆಯ ಲೆಕ್ಕದಲ್ಲಿ ಅದು ಒತ್ತುವರಿ, ಪ್ರಕರಣ ಹೈಕೋರ್ಟಿನ ತನಕ ಹೋಗಿದೆ. ಸ್ಮಾರಕ ಉಳೀಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ. ಇರುವವರಿಗೆ ಬೇರೆ ಸೂರು ಸಿಗಬೇಕು ಅನ್ನೋದೂ ಅಷ್ಟೇ ಸತ್ಯ. ಅದರ ಜೊತೆ ಇನ್ನೊಂದು ಕೆಲಸ ಇದೆ, ಅದಕ್ಕೆ ಕೋರ್ಟಿನ ಆದೇಶ ಬೇಡ. ಆ ಓಣಿಗಳ ಹಿರಿಯರ ಹತ್ತಿರ ಕೂತು ಯಾವ ಹುಡೇಗೆ ಏನು ಹೆಸರು, ಯಾವ ತೋಪಿಗೆ ಏನಂತಾರೆ, ಬಾವಿ ಎಲ್ಲಿತ್ತು ಅಂತ ಬರೆದಿಟ್ಟುಕೊಳ್ಳೋದು. ಕಲ್ಲನ್ನು ಇಲಾಖೆ ಕಾಯುತ್ತೆ. ಹೆಸರುಗಳು ಮನೆ ಖಾಲಿ ಮಾಡಿದವರ ಜೊತೆಗೇ ಹೊರಟುಬಿಡ್ತವೆ.

ಮುಂದಿನ ಸಲ ಕಿಲ್ಲಾಕ್ಕೆ ಹೋದಾಗ ತೋಪಿನ ಪಕ್ಕ ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಹಂಗೇ ಒಂದು ಟೇಪೂ ಒಯ್ಯಿರಿ.