ಬಾಯಿ ತೆರೆದ ಹಂಡೆ, ಬಾಯಿ ಮುಚ್ಚಿದ ಗೀಸರ್

ಬಳ್ಳಾರಿಯ ಬಿಸಿಲಲ್ಲಿ ಮನೆಯನ್ನು ಬೆಚ್ಚಗಿಡುವ ಯಂತ್ರ ಯಾರಿಗೆ ಬೇಕು? ಇಲ್ಲಿ ಕಾಯಬೇಕಾದ್ದು ಜಳಕದ ನೀರು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಹಳೆಯ ಮನೆಗಳ ಬಚ್ಚಲಲ್ಲಿ ಆ ಕೆಲಸ ತಾಮ್ರದ ಹಂಡೆಯದು. ಒಲೆಗೆ ಬಳ್ಳಾರಿ ಜಾಲಿಯ ಕಟ್ಟಿಗೆ. ಹೆಸರು ನಮ್ಮ ಊರಿನದಾದರೂ ಈ ಮರ ಅಮೆರಿಕ ಖಂಡದಿಂದ ಬಂದದ್ದು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತುತ್ತಾರೆ.

ನೀರು ಕಾದರೆ ಹಿಗ್ಗುತ್ತದೆ. 100 ಲೀಟರ್ ತಣ್ಣೀರು ಕುದಿಯುವ ಹೊತ್ತಿಗೆ ಸುಮಾರು 104 ಲೀಟರ್ ಆಗುತ್ತದೆ. ಹಂಡೆಯ ಬಾಯಿ ತೆರೆದಿರುವುದರಿಂದ ಒತ್ತಡದ ಚಿಂತೆಯಿಲ್ಲ, ಹೊಗೆಯದ್ದು ಮಾತ್ರ ಇದೆ. ನಡುವೆ ಕೆಂಡದ ಕೊಳವೆಯಿರುವ ತಾಮ್ರದ ಬಾಯ್ಲರ್ ಕೂಡ ತೆರೆದದ್ದೇ: ಮೇಲಿನ ಆಲಿಕೆಗೆ ಒಂದು ತಂಬಿಗೆ ತಣ್ಣೀರು ಸುರಿದರೆ ಮೂತಿಯಿಂದ ಅಷ್ಟೇ ಬಿಸಿನೀರು ಹೊರಬೀಳುತ್ತದೆ.

ಮಾಳಿಗೆಯ ಮೇಲಿನ ಸೋಲಾರ್ ಬಹುಮಟ್ಟಿಗೆ ಇದೇ ಕುಲದ್ದು. ಅದರ ಟ್ಯಾಂಕಿನಿಂದ ಮೇಲಕ್ಕೆ ನಿಂತ ತೆಳು ಕೊಳವೆಯನ್ನು ನೋಡಿ. ಆವಿ ಹೊರಹೋಗಲು, ನೀರು ಖಾಲಿಯಾದಾಗ ಗಾಳಿ ಒಳಬರಲು ಅದೇ ದಾರಿ. ತಣ್ಣೀರಿನ ತೊಟ್ಟಿಯ ಮಟ್ಟಕ್ಕಿಂತ ಎತ್ತರವಿರದಿದ್ದರೆ ಅದರಿಂದ ನೀರು ಉಕ್ಕಿ ಹರಿಯುತ್ತದೆ.

ಗೀಸರ್ ಮಾತ್ರ ಬೇರೆ ಜಾತಿ. ಟ್ಯಾಂಕ್ ಮುಚ್ಚಿದ್ದು, ಹಿಗ್ಗಿದ ನೀರಿನ ಒತ್ತಡವನ್ನು ಸೇಫ್ಟಿ ವಾಲ್ವ್ ಇಳಿಸಬೇಕು. ಬೋರ್‌ವೆಲ್‌ನ ಗಡಸು ನೀರು ಸುಣ್ಣ ಕಟ್ಟಿ ವಾಲ್ವನ್ನು ಹಿಡಿದುಬಿಡಬಹುದು. ಜೊತೆಗೆ ಥರ್ಮೋಸ್ಟಾಟ್ ಕೆಟ್ಟರೆ ಟ್ಯಾಂಕ್ ಸಿಡಿಯುವ ಅಪಾಯವಿದೆ. ನೀರು ಕಾಯುವಾಗ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಸೋರುತ್ತಿದೆಯೆಂದು ಅದರ ಬಾಯಿಗೆ ಬಿರಡೆ ಹಾಕುವವರೂ ಇದ್ದಾರೆ!