ಟೇಬಲ್ ಕೊಲ್ಲಿಯ ಕಾಯಿಪಲ್ಲೆ ತೋಟ

1652ರ ಏಪ್ರಿಲ್ 6ರಂದು ಆಫ್ರಿಕದ ದಕ್ಷಿಣ ತುದಿಯ ಟೇಬಲ್ ಕೊಲ್ಲಿಯಲ್ಲಿ ಯಾನ್ ಫಾನ್ ರೀಬೆಕ್ ಲಂಗರು ಹಾಕಿದ. ಅವನನ್ನು ಕಳಿಸಿದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಅಲ್ಲಿ ರಾಜ್ಯ ಕಟ್ಟುವ ಹಂಬಲವಿರಲಿಲ್ಲ. ಹಾಲೆಂಡಿನಿಂದ ಜಾವಾದ ಬಟೇವಿಯಾಕ್ಕೆ ತಿಂಗಳುಗಟ್ಟಲೆ ಸಾಗುವ ಹಡಗುಗಳಲ್ಲಿ ನಾವಿಕರು ಒಸಡು ಕೊಳೆತು, ಹಲ್ಲುದುರಿ, ಸ್ಕರ್ವಿಯಿಂದ ಸಾಯುತ್ತಿದ್ದರು. ಅವರಿಗೆ ನಡುದಾರಿಯಲ್ಲಿ ಸಿಹಿನೀರು, ಹಸಿ ತರಕಾರಿ, ತಾಜಾ ಮಾಂಸ ಒದಗಿಸಬೇಕು. ಫಾನ್ ರೀಬೆಕ್‌ಗೆ ಇದ್ದ ಅಪ್ಪಣೆ ಇಷ್ಟೆ.

ತರಕಾರಿಯನ್ನು ಬೆಳೆದುಕೊಳ್ಳಬಹುದಿತ್ತು. ದನಕುರಿಗಳು ಮಾತ್ರ ಖೋಯ್‌ಖೋಯ್ ಜನರವು. ಋತುಮಾನ ನೋಡಿ ಹುಲ್ಲು ಚಿಗುರಿದಲ್ಲಿಗೆ ಮಂದೆ ಅಟ್ಟಿಕೊಂಡು ಹೋಗುವವರು ಅವರು. ತಾಮ್ರಕ್ಕೆ, ತಂಬಾಕಿಗೆ ಕೆಲವು ಪ್ರಾಣಿಗಳನ್ನು ಕೊಟ್ಟಾರು, ಮಂದೆಯನ್ನೇ ಮಾರಿಕೊಳ್ಳುವ ಅವಿವೇಕ ಅವರಲ್ಲಿರಲಿಲ್ಲ. ಅವರನ್ನು ಕೆಣಕುವುದೂ ಸುಲಭವಿರಲಿಲ್ಲ: ಕೊಚ್ಚಿಯಿಂದ ಊರಿಗೆ ಮರಳುತ್ತಿದ್ದ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ದೆ ಅಲ್ಮೇಡ 1510ರಲ್ಲಿ ಇದೇ ದಂಡೆಯ ಮೇಲೆ ಅವರ ಕೈಯಲ್ಲಿ ಹತನಾಗಿದ್ದ.

1657ರಲ್ಲಿ ಕಂಪನಿಯು ತನ್ನ ಒಂಬತ್ತು ನೌಕರರನ್ನು ಸೇವೆಯಿಂದ ಬಿಡಿಸಿ, ಲೀಸ್‌ಬೀಕ್ ಹೊಳೆಯ ದಡದಲ್ಲಿ ಸಾಗುವಳಿಗೆ ಭೂಮಿ ಕೊಟ್ಟಿತು. ಕೇಪ್ ಎನಿಸಿಕೊಂಡ ಈ ವಸಾಹತಿನ ಚರಿತ್ರೆಯ ನಿಜವಾದ ಮೊದಲ ಪುಟ ಇದೇ ಎಂದು ನಾನು ನಂಬುತ್ತೇನೆ. ಹಡಗಿನವರು ದಣಿವಾರಿಸಿಕೊಂಡು ಹೊರಟುಹೋಗುತ್ತಾರೆ. ನೇಗಿಲು ಹೂಡಿದವನು ಹೋಗುವುದಿಲ್ಲ. ಮರುವರ್ಷವೇ ಗುಲಾಮರನ್ನು ತುಂಬಿದ ಹಡಗುಗಳು ಬಂದವು. ಮುಂದೆ ಬಂಗಾಳ, ಮಲಬಾರು, ಕೋರಮಂಡಲ ತೀರಗಳಿಂದಲೂ ಮನುಷ್ಯರನ್ನು ಹೊತ್ತು ತಂದು ಅಲ್ಲಿ ಮಾರಿದರು. ನಮ್ಮ ನೆಲದ ಆ ಜನರನ್ನು ನಮ್ಮ ಇತಿಹಾಸದ ಪುಸ್ತಕಗಳು ಇನ್ನಾದರೂ ನೆನೆಯಬೇಕು.

ಹುಲ್ಲುಗಾವಲು ಉಳುಮೆಗೆ ಸಿಕ್ಕಿದ ಮೇಲೆ 1659ರಲ್ಲಿ ಯುದ್ಧ ಹತ್ತಿತು. ಖೋಯ್‌ಖೋಯ್ ನಾಯಕ ಡೋಮನ್ ಬಟೇವಿಯಾ ಕಂಡುಬಂದಿದ್ದ ದುಭಾಷಿ. ಒದ್ದೆಯಾದ ಬತ್ತಿಯ ಕೋವಿ ಹಾರದೆಂದು ಅರಿತು ಮಳೆಯ ದಿನಗಳನ್ನೇ ಆರಿಸಿ ದಾಳಿ ಮಾಡಿದ. 1660ರ ಸಂಧಿಯ ಮಾತುಕತೆಯಲ್ಲಿ ಅವನ ಜನ ನೇರವಾಗಿ ಕೇಳಿದರು: ನಾವು ಹಾಲೆಂಡಿಗೆ ಬಂದು ಹೀಗೆಯೇ ನೆಲ ಹಿಡಿದರೆ ನೀವು ಸಹಿಸುವಿರಾ? ಈ ಪ್ರಶ್ನೆಯನ್ನು ಫಾನ್ ರೀಬೆಕ್ ತನ್ನ ದಿನಚರಿಯಲ್ಲೇ ದಾಖಲಿಸಿದ್ದಾನೆ. ಅವನ ಉತ್ತರದ ಸಾರ: ಭೂಮಿಯನ್ನು ನೀವು ಯುದ್ಧದಲ್ಲಿ ಕಳೆದುಕೊಂಡಿರಿ, ನಾವು ಅದನ್ನು ಉಳಿಸಿಕೊಳ್ಳುತ್ತೇವೆ.

ಅದೇ ವರ್ಷ ವಸಾಹತಿನ ಗಡಿಗುಂಟ ಕಾಡುಬಾದಾಮಿಯ ಬೇಲಿ ನೆಟ್ಟರು. ಅದರ ಕೆಲವು ಭಾಗಗಳು ಕರ್ಸ್ಟನ್‌ಬಾಷ್ ಸಸ್ಯೋದ್ಯಾನದಲ್ಲಿ ಈಗಲೂ ಇವೆ. ಬೇಲಿಯಾಚೆಯ ಹುಲ್ಲುಗಾವಲುಗಳೂ ಒಂದೊಂದಾಗಿ ವಲಸಿಗರ ಪಾಲಾದವು. 1713ರಲ್ಲಿ ಹಡಗೊಂದರಿಂದ ಒಗೆಯಲು ಇಳಿಸಿದ ಬಟ್ಟೆಗಳ ಜೊತೆ ಸಿಡುಬು ದಡ ಹತ್ತಿತು. ಮೊದಲು ಸತ್ತವರು ಕಂಪನಿಯ ಗುಲಾಮರು, ಆಮೇಲೆ ಕೇಪಿನ ಸುತ್ತಲಿದ್ದ ಖೋಯ್‌ಖೋಯ್ ಹಟ್ಟಿಗಳು ಹಟ್ಟಿಗಳೇ ಬರಿದಾದವು.